ಊರಿಗೆ ಕಷ್ಟ ಬಂದಾಗ ಹಾಡುವವರ ಕೆಲಸ ಏನು?

ಭೀಮಾ ನದಿ ಉಕ್ಕಿ ಬಂದ ವರ್ಷ ಕಲಬುರಗಿ, ಯಾದಗಿರಿ ಕಡೆ ಒಂದು ವಾದ ಎದ್ದೇ ಏಳುತ್ತದೆ. ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟಿರುತ್ತಾರೆ. ಕೆಳಗೆ ಅಫಜಲಪುರ, ಜೇವರ್ಗಿ, ಶಹಾಪುರದ ಹೊಲಗಳಲ್ಲಿ ತೊಗರಿ, ಹತ್ತಿ ನೀರಲ್ಲಿ ನಿಂತಿರುತ್ತವೆ, ಮನೆ ಬಿಟ್ಟ ಜನ ಕಾಳಜಿ ಕೇಂದ್ರದಲ್ಲಿ ಮಲಗಿರುತ್ತಾರೆ. 2020ರ ಅಕ್ಟೋಬರ್ ನೆರೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಹೊತ್ತಿಗೆ ಎಲ್ಲೋ ಒಂದು ಉತ್ಸವ, ಎಲ್ಲೋ ಒಂದು ಸಂಗೀತ ಕಾರ್ಯಕ್ರಮ ಮೊದಲೇ ನಿಗದಿಯಾಗಿರುತ್ತದೆ. ಇಡಬೇಕಾ, ಬಿಡಬೇಕಾ? "ಹಾಡು ಹೊಟ್ಟಿ ತುಂಬಸ್ತದೇನ್ರೀ?" ಅಂತ ಒಬ್ಬರು. "ಹಂಗಂತ ಬಾಯಿ ಕಟ್ಟಿಕೊಂಡು ಕೂಡಬೇಕೇನು?" ಅಂತ ಇನ್ನೊಬ್ಬರು.

ಹಾಡು ಹೊಟ್ಟೆ ತುಂಬಿಸುವುದಿಲ್ಲ, ಅದು ನಿಜ. ಮತ್ತೆ ಏನು ಮಾಡುತ್ತದೆ? ಬರ, ನೆರೆ, ರೋಗ, ಗಲಭೆ, ಯುದ್ಧ, ಆಳುವವರ ದಬ್ಬಾಳಿಕೆ, ಯಾವ ಕಷ್ಟ ಬಂದರೂ ಮನುಷ್ಯರು ಹಾಡುವುದನ್ನು, ಚಿತ್ರ ಬರೆಯುವುದನ್ನು ಬಿಟ್ಟಿಲ್ಲ. ಸುಮ್ನೆ ಹೊತ್ತು ಕಳೆಯಲಿಕ್ಕೆ ಇಷ್ಟೆಲ್ಲ ಮಾಡುತ್ತಿದ್ದರು ಅಂತ ನನಗೆ ಅನಿಸುವುದಿಲ್ಲ. ಏನೇನು ಕೆಲಸ ಆಗುತ್ತದೆ, ಹೇಗೆ ಆಗುತ್ತದೆ ಅಂತ ಒಂದೊಂದಾಗಿ ನೋಡೋಣ.

ಮೊದಲಿಗೆ ಒಂದು ಮಾತು. ಇಲ್ಲಿ ಕಲಾವಿದರು ಅಂದರೆ ಟಿವಿಯಲ್ಲಿ ಬರುವವರು ಮಾತ್ರ ಅಲ್ಲ. ಹಲಗಿ ಬಾರಿಸುವವರು, ಭಜನಿ ಮೇಳದವರು, ಲಾವಣಿ ಹಾಡುವವರು, ದೊಡ್ಡಾಟ ಕಲಿಸುವ ಮಾಸ್ತರು, ಬೀದಿ ನಾಟಕದ ಹುಡುಗರು, ಚಿತ್ರ ಬರೆಯುವವರು, ಬೀದರ್‌ನಲ್ಲಿ ಬಿದ್ರಿ ಕೆಲಸ ಮಾಡುವವರು, ಎಲ್ಲರೂ ಬಂದರು.

## ಸಾವಿನ ಮನೆಯಲ್ಲಿ ಭಜನೆ ಯಾಕೆ?

ನಮ್ಮ ಕಡೆಯ ಹಳ್ಳಿಗಳಲ್ಲಿ ಯಾರಾದರೂ ತೀರಿಕೊಂಡರೆ ರಾತ್ರಿ ಭಜನಿ ಮೇಳ ಬರುತ್ತದೆ. ಯಾರೂ ಚೀಟಿ ಕಳಿಸುವುದಿಲ್ಲ, ಸುದ್ದಿ ಮುಟ್ಟಿದರೆ ಸಾಕು. ಹಗಲೆಲ್ಲ ಹೊಲದಲ್ಲಿ ದುಡಿದವರೇ ಪೇಟಿ, ತಬಲಾ, ತಾಳ, ದಮ್ಮಡಿ ಹಿಡಿದು ಬಂದು ಅಂಗಳದಲ್ಲಿ ಕೂಡುತ್ತಾರೆ. ಒಳಗೆ ಹೆಣ ಕೂಡಿಸಿರುತ್ತಾರೆ. ಹೆಣ್ಣುಮಕ್ಕಳು ಸತ್ತವರ ಗುಣ, ಪಟ್ಟ ಕಷ್ಟ, ಬಿಟ್ಟು ಹೋದ ಮಕ್ಕಳ ಹೆಸರು ಎಲ್ಲ ಸೇರಿಸಿ ಹಾಡಿಕೊಂಡು ಅಳುತ್ತಿರುತ್ತಾರೆ. ಹೊರಗೆ ತತ್ವಪದ ಶುರುವಾಗುತ್ತದೆ.

ತತ್ವಪದ ಅಂದರೆ ದೇಹ, ಸಾವು, ಗುರು, ಸಂಸಾರ ಇವುಗಳ ಬಗ್ಗೆ ಆಡುಮಾತಿನಲ್ಲಿ ಕಟ್ಟಿದ ಹಾಡು. ಕಲಬುರಗಿ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರು ಇದರಲ್ಲಿ ದೊಡ್ಡ ಹೆಸರು. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಬರೂ ಇದ್ದರು. ಮಠ, ಜಾತಿ ನೋಡದೆ ಹರಿದು ಬಂದ ಪರಂಪರೆ ಇದು.

ಈಗ ಇದು ಹೇಗೆ ಕೆಲಸ ಮಾಡುತ್ತದೆ ಅಂತ ಹತ್ತಿರದಿಂದ ನೋಡಿ. ಮುಂದಿನವರು ಒಂದು ಸಾಲು ಹೇಳುತ್ತಾರೆ, ಹಿಂದಿನವರು ಪಲ್ಲವಿ ಎತ್ತುತ್ತಾರೆ. ಪಲ್ಲವಿ ಚಿಕ್ಕದು, ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಮೂರನೇ ಸುತ್ತಿಗೆ ಆ ಹಾಡು ಗೊತ್ತಿಲ್ಲದವರ ಬಾಯಲ್ಲೂ ಅದು ಬಂದಿರುತ್ತದೆ. ಸಾಂತ್ವನ ಹೇಳಲಿಕ್ಕೆ ಬಂದು ಏನು ಮಾತಾಡಬೇಕು ಅಂತ ತಿಳಿಯದೆ ಗೋಡೆಗೆ ಆತು ನಿಂತವನಿಗೂ ಒಂದು ಕೆಲಸ ಸಿಗುತ್ತದೆ. ಒಬ್ಬರೇ ಎತ್ತಲಾಗದ ತೊಗರಿ ಚೀಲಕ್ಕೆ ಇನ್ನೂ ನಾಲ್ಕು ಮಂದಿ ಕೈ ಹಚ್ಚಿದ ಹಾಗೆ. ಚೀಲದ ತೂಕ ಕಡಿಮೆ ಆಗುವುದಿಲ್ಲ, ಆದರೆ ಅದು ಮೇಲೆ ಏಳುತ್ತದೆ.

ಇದರಲ್ಲಿ ದೇಹದ ಪಾಲೂ ಇದೆ. ಒಂದು ಸಾಲು ಪೂರ್ತಿ ಹಾಡಬೇಕಾದರೆ ಉಸಿರನ್ನು ನಿಧಾನವಾಗಿ ಬಿಡಬೇಕು, ಬೇರೆ ದಾರಿ ಇಲ್ಲ. ಉಸಿರು ಉದ್ದಕ್ಕೆ ಹೊರಗೆ ಹೋದಾಗ ಎದೆ ಬಡಿತ ತುಸು ಇಳಿಯುತ್ತದೆ, ಒಳಗೆ ತೆಗೆದುಕೊಂಡಾಗ ಏರುತ್ತದೆ. ಸ್ವೀಡನ್ನಿನ ಗೊಥೆನ್‌ಬರ್ಗ್‌ನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ಒಟ್ಟಿಗೆ ಹಾಡುವವರ ಎದೆ ಬಡಿತ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವುದನ್ನು ಅಳೆದು ತೋರಿಸಿದರು. ಗೀತೆಯ ಸಾಲುಗಳು ಎಲ್ಲಿ ಮುಗಿಯುತ್ತವೋ ಅಲ್ಲಿ ಎಲ್ಲರೂ ಉಸಿರು ತೆಗೆದುಕೊಳ್ಳುತ್ತಾರೆ, ಎದೆ ಅದಕ್ಕೆ ತಕ್ಕಂತೆ ನಡೆಯುತ್ತದೆ. ಭಜನೆಯಲ್ಲಿ ಕೂತವರಿಗೆ ಈ ಲೆಕ್ಕ ಬೇಕಾಗಿಲ್ಲ. ಆದರೆ ಅಳುತ್ತಾ ಅಳುತ್ತಾ ಉಸಿರುಗಟ್ಟಿದವರು ಪಲ್ಲವಿಗೆ ದನಿಗೂಡಿಸಿದ ಮೇಲೆ ಸ್ವಲ್ಪ ಸುಧಾರಿಸಿಕೊಳ್ಳುವುದನ್ನು ಅವರೆಲ್ಲ ನೋಡಿಯೇ ಇರುತ್ತಾರೆ.

ಇನ್ನೊಂದು ತೀರಾ ಸರಳ ಕಾರಣವೂ ಇದೆ. ನಮ್ಮ ಭಾಗದ ಎಷ್ಟೋ ಮನೆಗಳ ಮಕ್ಕಳು ದುಡಿಯಲು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಹೋಗಿರುತ್ತಾರೆ. ಅವರು ಬಂದು ಮುಟ್ಟುವವರೆಗೆ ಮಣ್ಣು ಮಾಡುವಂತಿಲ್ಲ. ಅಲ್ಲಿವರೆಗೆ ರಾತ್ರಿಯಿಡೀ ಎಚ್ಚರ ಇರಬೇಕು, ಆ ಮನೆಯವರನ್ನು ಅವರಷ್ಟಕ್ಕೇ ಬಿಡಬಾರದು. ಹಾಡು ಆ ರಾತ್ರಿಯನ್ನು ದಾಟಿಸುತ್ತದೆ.

ಮೊಹರಂನಲ್ಲಿ ಇದೇ ಕೆಲಸ ಇಡೀ ಊರಿಗೆ ಆಗುತ್ತದೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರು ಮತ್ತು ಅವರ ಬಳಗದವರು ಹತರಾದ ದುಃಖವನ್ನು ಕನ್ನಡದಲ್ಲಿ ಕಟ್ಟಿ ಹಾಡುವ ಪದಗಳಿಗೆ ರಿವಾಯತ್ ಅನ್ನುತ್ತಾರೆ. ಅಲಾಯಿ, ಅಂದರೆ ಬೆಂಕಿ ಹಾಕುವ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾ ಹಾಡುವವರಲ್ಲಿ ಹಿಂದೂಗಳೇ ಜಾಸ್ತಿ ಇರುವ ಊರುಗಳಿವೆ. ಮುಸ್ಲಿಮರ ಮನೆಯೇ ಇಲ್ಲದ ಊರಲ್ಲೂ ಹಬ್ಬ ನಡೆಯುತ್ತದೆ. ಸಾವಿರದ ಮುನ್ನೂರು ವರ್ಷಕ್ಕೂ ಹಿಂದಿನ, ಮರಳುಗಾಡಿನ ಸಾವಿಗೆ ಇಲ್ಲಿಯ ರೈತ ಯಾಕೆ ಕಣ್ಣೀರು ಹಾಕಬೇಕು? ನೀರಿಲ್ಲದೆ ಸತ್ತ ಮಕ್ಕಳ ಕಥೆ ಬರಗಾಲದ ನೆಲದವರಿಗೆ ಬೇಗ ತಾಗುತ್ತದೆ ಅಂತ ನನಗೆ ಅನಿಸುತ್ತದೆ. ಹಾಡು ಬೇರೆಯವರದಾದರೂ, ಹಾಡುತ್ತಾ ಹಾಡುತ್ತಾ ತಮ್ಮ ಮನೆಯ ದುಃಖವನ್ನೂ ಅದರೊಳಗೆ ಇಳಿಸಿಕೊಳ್ಳುತ್ತಾರೆ.

## ಸರ್ಕಾರದ ಕಾಗದದಲ್ಲಿ ಇಲ್ಲದ ಲೆಕ್ಕ

ಎರಡನೇ ಕೆಲಸ, ನಡೆದದ್ದನ್ನು ಮರೆಯದ ಹಾಗೆ ಇಟ್ಟುಕೊಳ್ಳುವುದು.

1857ರಲ್ಲಿ ಬ್ರಿಟಿಷರು ಜನರ ಹತ್ತಿರ ಇದ್ದ ಆಯುಧಗಳನ್ನೆಲ್ಲ ಒಪ್ಪಿಸಬೇಕು ಅಂತ ಕಾನೂನು ತಂದರು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂತು, ಊರನ್ನು ಸುಟ್ಟಿತು. ನಮ್ಮ ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ನಿಂತದ್ದೂ ಅದೇ ಸುಮಾರಿಗೆ, 1858ರಲ್ಲಿ. ಹಲಗಲಿಯ ಸಂಗತಿಯನ್ನು ಜನ ಲಾವಣಿ ಕಟ್ಟಿ ಹಾಡಿದರು. ಲಾವಣಿ ಅಂದರೆ ನಡೆದ ಘಟನೆಯನ್ನು ಕಥೆಯಾಗಿ ಹೇಳುವ ಹಾಡು. ಮುಂಬೈ ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದ ಜಾನ್ ಫ್ಲೀಟ್ ಅದನ್ನು ಬರೆಸಿಕೊಂಡು 1880ರ ದಶಕದಲ್ಲಿ ಅಚ್ಚು ಹಾಕಿಸಿದರು. ಹತ್ತನೇ ತರಗತಿಯಲ್ಲಿ ಅದನ್ನು ಓದಿದವರು ನಿಮ್ಮಲ್ಲೂ ಇರಬಹುದು.

ಆ ಲಾವಣಿಯಲ್ಲಿ ದಂಡಿನವರು ಲೂಟಿ ಮಾಡಿದ ವಸ್ತುಗಳ ಪಟ್ಟಿ ಬರುತ್ತದೆ. ಕೊಡಲಿ, ಕುಡಗೋಲು. ಹಾಲು, ಮೊಸರು, ಬೆಣ್ಣೆ. ಉಪ್ಪು, ಎಣ್ಣೆ, ಅರಿಷಿಣ, ಜೀರಿಗೆ. ಮಂಗಳಸೂತ್ರ. ಕೊನೆಗೆ ಬೀಸುಕಲ್ಲನ್ನೂ ಬಿಡಲಿಲ್ಲ. ಯಾವ ಸರ್ಕಾರಿ ವರದಿಯೂ ಬಡವರ ಮನೆಯ ಜೀರಿಗೆ ಹೋಯಿತು ಅಂತ ಬರೆದುಕೊಳ್ಳುವುದಿಲ್ಲ. ಬಂಡಾಯ ಅಡಗಿತು, ಊರು ಹತೋಟಿಗೆ ಬಂತು ಅಂತ ಎರಡು ಸಾಲಲ್ಲಿ ಮುಗಿಸುತ್ತದೆ. ಒಂದು ಮನೆ ಹಾಳಾಗುವುದು ಅಂದರೆ ಏನು ಅಂತ ತಿಳಿಯುವುದು ಈ ಪಟ್ಟಿಯಿಂದ. ಅದನ್ನು ಕಟ್ಟಿದವನಿಗೆ ಅದು ಗೊತ್ತಿತ್ತು. ಪ್ರಾಸ ಇದ್ದದ್ದರಿಂದ ಓದು ಬರಹ ಇಲ್ಲದವರ ಬಾಯಲ್ಲೂ ಆ ಪಟ್ಟಿ ಉಳಿಯಿತು.

ಚಿತ್ರಕಾರರೂ ಇದನ್ನೇ ಮಾಡಿದ್ದಾರೆ. 1943ರ ಬಂಗಾಳದ ಬರದಲ್ಲಿ 20ರಿಂದ 30 ಲಕ್ಷ ಜನ ಸತ್ತರು ಅಂತ ಅಂದಾಜು. ಯುದ್ಧದ ಕಾಲ, ಪತ್ರಿಕೆಗಳ ಮೇಲೆ ಕಣ್ಣು. ಆಗ ಜೈನುಲ್ ಅಬೆದಿನ್ ಅನ್ನುವ ಕಲಾವಿದರು ಕೊಲ್ಕತ್ತಾದ ರಸ್ತೆಯಲ್ಲಿ ಬಿದ್ದವರನ್ನು ಅಗ್ಗದ ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಬರೆದರು. ಚಿತ್ತಪ್ರಸಾದ್ ಮಿಡ್ನಾಪುರದ ಹಳ್ಳಿ ಹಳ್ಳಿ ಸುತ್ತಿ, ಕಂಡದ್ದನ್ನು ಬರೆದು, ಚಿತ್ರದ ಜೊತೆ ಚಿಕ್ಕ ಪುಸ್ತಕ ಮಾಡಿದರು. ಬ್ರಿಟಿಷ್ ಸರ್ಕಾರ ಆ ಪುಸ್ತಕದ ಪ್ರತಿಗಳನ್ನು ವಶಪಡಿಸಿಕೊಂಡು ಸುಟ್ಟಿತು. ಕುಟುಂಬದ ಬಳಿ ಉಳಿದ ಒಂದು ಪ್ರತಿಯಿಂದ ಅದು ಇವತ್ತು ನಮಗೆ ಸಿಕ್ಕಿದೆ.

ಹೀಗೆ ಉಳಿಸುವುದು ಹಾಡುವವರೊಬ್ಬರ ಕೆಲಸ ಅಲ್ಲ ಅನ್ನುವುದಕ್ಕೆ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕಿಂತ ದೊಡ್ಡ ಉದಾಹರಣೆ ಬೇಕಾ? ಹನ್ನೆರಡನೇ ಶತಮಾನದಲ್ಲಿ ಹರಳಯ್ಯ, ಮಧುವರಸರ ಮಕ್ಕಳ ಮದುವೆ ಜಾತಿ ಮೀರಿತು ಅಂತ ಇಬ್ಬರೂ ತಂದೆಯಂದಿರಿಗೆ ಮರಣದಂಡನೆ ಆಯಿತು. ಕಲ್ಯಾಣದಲ್ಲಿ ಗಲಭೆ ಎದ್ದು ಶರಣರು ದಿಕ್ಕಾಪಾಲಾದರು. ಓಡುವಾಗ ಜೀವದ ಜೊತೆ ವಚನದ ಕಟ್ಟುಗಳನ್ನೂ ಹೊತ್ತು ಉಳವಿಯ ಕಡೆ ಹೋದರು ಅನ್ನುತ್ತದೆ ಪರಂಪರೆ. ಮುಂದೆ ಎಷ್ಟೋ ತಲೆಮಾರು ಆ ತಾಡೋಲೆಗಳು ಮಠ, ಮನೆಗಳಲ್ಲಿ ಉಳಿದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಅವನ್ನು ಮನೆ ಮನೆ ಅಲೆದು ಹುಡುಕಿ, 1923ರಲ್ಲಿ 'ವಚನಶಾಸ್ತ್ರಸಾರ' ಪ್ರಕಟಿಸಿದರು. ನಡುವೆ ಇಟ್ಟುಕೊಂಡವರ, ನಕಲು ಮಾಡಿದವರ ಹೆಸರು ಯಾರಿಗೂ ಗೊತ್ತಿಲ್ಲ. ಅವರು ಇಲ್ಲದಿದ್ದರೆ ಇವತ್ತು ಓದಲು ಏನು ಇರುತ್ತಿತ್ತು?

## ನೇರ ಹೇಳಿದರೆ ತೊಂದರೆ ಇದ್ದಾಗ

ಊರ ಗೌಡನ ಮೇಲೆ, ಸ್ವಾಮಿಯ ಮೇಲೆ, ಅಧಿಕಾರಿಯ ಮೇಲೆ ಎದುರಿಗೆ ನಿಂತು ದೂರು ಹೇಳುವುದು ಎಲ್ಲ ಕಾಲಕ್ಕೂ ಅಪಾಯವೇ. ಅದಕ್ಕೆ ಹಾಡಿನವರು ಹಲವು ದಾರಿ ಕಂಡುಕೊಂಡರು.

ಒಂದು, ಬೆಡಗು. ಹೊರಗೆ ಒಂದು ಅರ್ಥ, ಒಳಗೆ ಇನ್ನೊಂದು. ಅಲ್ಲಮಪ್ರಭುಗಳ ವಚನಗಳಲ್ಲಿ ಇದು ಬಹಳ. ತತ್ವಪದಗಳಲ್ಲೂ ಹಕ್ಕಿ, ಹೊಲ, ಸೋರುವ ಮನೆ ಅಂತ ಶುರುವಾದ ಪದ ಡಂಬಾಚಾರದವರ ಬುಡಕ್ಕೆ ಬಂದು ನಿಲ್ಲಬಹುದು. ಇದರಲ್ಲಿ ಒಂದು ಜಾಣತನ ಇದೆ. ಹಾಡಿನಲ್ಲಿ ಯಾರ ಹೆಸರೂ ಇರುವುದಿಲ್ಲ. ಕೇಳಿದವನು ಸಿಟ್ಟಿಗೆದ್ದರೆ, ಇದು ನನ್ನದೇ ಸಂಗತಿ ಅಂತ ತಾನೇ ಒಪ್ಪಿಕೊಂಡಂತೆ ಆಗುತ್ತದೆ. ಹಾಗಾಗಿ ಸುಮ್ಮನೆ ಕೂತು ಕೇಳಬೇಕು.

ಇನ್ನೊಂದು ದಾರಿ, ಟೀಕೆಯನ್ನು ಕಲೆಯ ಚೌಕಟ್ಟಿನೊಳಗೇ ಕೂಡಿಸುವುದು. ತೆಲುಗಿನ ಬುರ್ರಕಥೆಯಲ್ಲಿ ಮೂರು ಜನ ಇರುತ್ತಾರೆ. ನಡುವಿನವನು ತಂಬೂರಿ ಹಿಡಿದು ಕಥೆ ಹೇಳುತ್ತಾನೆ. ಒಂದು ಪಕ್ಕದವನದು ನಗಿಸುವ ಕೆಲಸ. ಇನ್ನೊಂದು ಪಕ್ಕದವನದು ಇವತ್ತಿನ ರಾಜಕೀಯದ ಮಾತು ಎತ್ತುವ ಕೆಲಸ. ಅಂದರೆ ಪುರಾಣದ ಕಥೆ ನಡೆಯುತ್ತಿರುವಾಗಲೇ ಒಬ್ಬ ಎದ್ದು, ಇವತ್ತಿನ ಲೇವಿ (ಸರ್ಕಾರ ಕಡ್ಡಾಯವಾಗಿ ವಸೂಲು ಮಾಡುವ ಧಾನ್ಯ), ಇವತ್ತಿನ ದೊರೆ ಅಂತ ಮಾತು ತೆಗೆಯಬಹುದು, ಅದು ಅವನ ಪಾತ್ರವೇ. 1940ರ ದಶಕದಲ್ಲಿ ತೆಲಂಗಾಣದ ರೈತ ಹೋರಾಟದಲ್ಲಿ ಇದು ಊರೂರಿಗೆ ಸುದ್ದಿ ಮುಟ್ಟಿಸಿತು. ಆಗ ಕಲಬುರಗಿ, ಬೀದರ್ ಸಹ ಅದೇ ಹೈದರಾಬಾದ್ ಸಂಸ್ಥಾನದಲ್ಲಿ ಇದ್ದವು. ನಿಜಾಮನ ಸರ್ಕಾರ ಬುರ್ರಕಥೆಯನ್ನು ನಿಷೇಧಿಸಿತು, ಆ ಕಡೆ ಮದ್ರಾಸ್ ಪ್ರಾಂತ್ಯದಲ್ಲಿ ಬ್ರಿಟಿಷರೂ ನಿಷೇಧಿಸಿದರು. ಬಂದೂಕು ಇರುವವರು ತಂಬೂರಿಗೆ ಹೆದರಿದರು ಅಂದರೆ ಅದರ ಬಲ ಎಷ್ಟಿತ್ತು ಅಂತ ಯೋಚಿಸಿ.

ಮೂರನೆಯದು ಬೀದಿ ನಾಟಕ. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು, ಪತ್ರಿಕೆಗಳು ಸುದ್ದಿಯನ್ನು ಮೊದಲು ಸರ್ಕಾರಕ್ಕೆ ತೋರಿಸಿ ಆಮೇಲೆ ಅಚ್ಚು ಹಾಕಬೇಕಿತ್ತು. ಕರ್ನಾಟಕದಲ್ಲಿ 'ಸಮುದಾಯ' ತಂಡ ಹುಟ್ಟಿದ್ದು ಆ 1975ರಲ್ಲೇ. ಮುಂದೆ ಅದು ಬೀದಿ ನಾಟಕವನ್ನು ಊರೂರಿಗೆ ಒಯ್ದಿತು. ಬೀದಿ ನಾಟಕಕ್ಕೆ ಪರದೆ ಬೇಡ, ಟಿಕೆಟ್ ಬೇಡ, ಬಾಡಿಗೆಗೆ ಸಭಾಂಗಣ ಬೇಡ. ಸಂತೆಯಲ್ಲಿ, ಬಸ್ ನಿಲ್ದಾಣದ ಹತ್ತಿರ ಹಲಗಿ ಬಾರಿಸಿ ಜನ ಸೇರಿಸುತ್ತಾರೆ, ಸ್ವಲ್ಪ ಹೊತ್ತಲ್ಲಿ ಆಟ ಮುಗಿಸಿ ಮುಂದಿನ ಊರಿಗೆ ಹೋಗುತ್ತಾರೆ. ಖರ್ಚು ಕಡಿಮೆ ಅನ್ನುವುದು ಒಂದು ಅನುಕೂಲ. ನಾಟಕ ನೋಡಲು ಎಂದೂ ಬಾರದವರ ಮುಂದೆಯೇ ಹೋಗಿ ನಿಲ್ಲುವುದು ಅದಕ್ಕಿಂತ ದೊಡ್ಡ ಅನುಕೂಲ.

## ದುಡ್ಡು ಕೂಡಿಸುವ ಹಾಡು

ಇದು ಎಲ್ಲರಿಗೂ ಗೊತ್ತಿರುವ ಕೆಲಸ, ಹಾಗಾಗಿ ಬೇಗ ಮುಗಿಸುತ್ತೇನೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ, ಅಂದರೆ ಇವತ್ತಿನ ಬಾಂಗ್ಲಾದೇಶದಿಂದ, ಲಕ್ಷಾಂತರ ಜನ ನಿರಾಶ್ರಿತರಾಗಿ ಭಾರತಕ್ಕೆ ಬಂದಾಗ, ಸಿತಾರ್ ವಾದಕ ರವಿಶಂಕರ್ ತಮ್ಮ ಗೆಳೆಯ, ಇಂಗ್ಲೆಂಡಿನ ಹೆಸರಾಂತ ಹಾಡುಗಾರ ಜಾರ್ಜ್ ಹ್ಯಾರಿಸನ್ ಜೊತೆ ಸೇರಿ ಆಗಸ್ಟ್ 1ರಂದು ನ್ಯೂಯಾರ್ಕ್‌ನಲ್ಲಿ ಒಂದೇ ದಿನ ಎರಡು ಕಾರ್ಯಕ್ರಮ ಮಾಡಿದರು. ಸುಮಾರು 40,000 ಜನ ಬಂದರು. ಟಿಕೆಟ್ಟಿನಿಂದ ಬಂದ ಸುಮಾರು 2.43 ಲಕ್ಷ ಡಾಲರ್ ವಿಶ್ವಸಂಸ್ಥೆಯ ಮಕ್ಕಳ ನಿಧಿ ಯುನಿಸೆಫ್‌ಗೆ ಹೋಯಿತು. ಬಾಂಗ್ಲಾದೇಶ ಅನ್ನುವ ಹೆಸರು ಜಗತ್ತಿನ ಬಾಯಿಗೆ ಬಂತು, ಅದು ದುಡ್ಡಿಗಿಂತ ದೊಡ್ಡ ಲಾಭ. ಆದರೆ ತೆರಿಗೆ ವಿನಾಯಿತಿಯ ಕಾಗದಪತ್ರ ಮೊದಲೇ ಮಾಡಿಸಿರಲಿಲ್ಲ. ಹೀಗಾಗಿ ಧ್ವನಿಮುದ್ರಿಕೆಯಿಂದ ಬಂದ ದೊಡ್ಡ ಮೊತ್ತ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿತು. ನೆರೆ ಪರಿಹಾರಕ್ಕೆ ಅಂತ ರಸಮಂಜರಿ ಇಡುವವರು ಇದನ್ನು ಗಮನಿಸಬೇಕು. ದುಡ್ಡು ಯಾರ ಖಾತೆಗೆ, ಯಾರು ಲೆಕ್ಕ ಕೊಡುತ್ತಾರೆ, ಯಾವತ್ತಿಗೆ ಮುಟ್ಟುತ್ತದೆ ಅಂತ ಮೊದಲೇ ಬರೆದು ಹಚ್ಚಬೇಕು.

## ಹಾಡು ಬೆಂಕಿಯನ್ನೂ ಹಚ್ಚಬಹುದು

ಇಷ್ಟು ಹೇಳಿ ಇದನ್ನು ಬಿಟ್ಟರೆ ಅರ್ಧ ಸತ್ಯ ಆಗುತ್ತದೆ. ಪಲ್ಲವಿಗೆ ಎಲ್ಲರೂ ದನಿಗೂಡಿಸುತ್ತಾರೆ, ಎದೆ ಒಂದೇ ಲಯದಲ್ಲಿ ಬಡಿಯುತ್ತದೆ ಅಂದೆನಲ್ಲ, ಅದೇ ಬಲವನ್ನು ದ್ವೇಷಕ್ಕೂ ಬಳಸಬಹುದು. 1994ರಲ್ಲಿ ಆಫ್ರಿಕಾದ ರುವಾಂಡಾದಲ್ಲಿ ಟುಟ್ಸಿ ಜನರ ನರಮೇಧ ನಡೆದಾಗ, ಹೆಸರಾಂತ ಗಾಯಕ ಸಿಮೋನ್ ಬಿಕಿಂಡಿಯ ಹಾಡುಗಳನ್ನು ರೇಡಿಯೊದಲ್ಲಿ ಮತ್ತೆ ಮತ್ತೆ ಹಾಕುತ್ತಿದ್ದರು. ವಿಶ್ವಸಂಸ್ಥೆಯ ನ್ಯಾಯಮಂಡಳಿ 2008ರಲ್ಲಿ ಆತನಿಗೆ 15 ವರ್ಷ ಶಿಕ್ಷೆ ಕೊಟ್ಟಿತು. ಶಿಕ್ಷೆ ಆದದ್ದು ಹಾಡು ಬರೆದದ್ದಕ್ಕಲ್ಲ, ವಾಹನದಲ್ಲಿ ಹೋಗುತ್ತಾ ಧ್ವನಿವರ್ಧಕದಲ್ಲಿ ಕೊಲ್ಲಲು ಕರೆ ಕೊಟ್ಟದ್ದಕ್ಕೆ. ಆದರೆ ಆ ಕರೆಗೆ ಜನ ಕಿವಿಗೊಟ್ಟದ್ದು ಆತ ಅವರ ಮೆಚ್ಚಿನ ಹಾಡುಗಾರ ಆಗಿದ್ದರಿಂದಲೂ ಹೌದು.

ಇದು ದೂರದ ಸಂಗತಿ ಅಂತ ಅನಿಸಬಹುದು. ನಮ್ಮಲ್ಲೇ ಮೆರವಣಿಗೆಯ ಡಿಜೆ ಇನ್ನೊಬ್ಬರ ಪ್ರಾರ್ಥನಾ ಮಂದಿರದ ಮುಂದೆ ಬಂದಾಗ ಯಾವ ಹಾಡು ಹಾಕುತ್ತಾರೆ, ಶಬ್ದ ಎಷ್ಟು ಏರಿಸುತ್ತಾರೆ ಅಂತ ಗಮನಿಸಿ. ಅಲ್ಲಿ ಹಾಡು ಯಾರನ್ನು ಒಳಗೆ ಕರೆಯುತ್ತಿದೆ, ಯಾರನ್ನು ಹೊರಗೆ ಹಾಕುತ್ತಿದೆ ಅಂತ ಕೇಳಿಕೊಂಡರೆ ರಿವಾಯತ್ ಪದಕ್ಕೂ ಇದಕ್ಕೂ ಇರುವ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

## ಹಾಡುವವರ ಹೊಟ್ಟೆಯ ಲೆಕ್ಕ

ಕೊನೆಗೆ, ಯಾರೂ ಜಾಸ್ತಿ ಮಾತಾಡದ ವಿಷಯ. ಕಷ್ಟದ ಕಾಲದಲ್ಲಿ ಮೊದಲು ಕೆಲಸ ಕಳೆದುಕೊಳ್ಳುವವರಲ್ಲಿ ಕಲಾವಿದರೂ ಇರುತ್ತಾರೆ.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ರಷ್ಯಾದ ಲೆನಿನ್‌ಗ್ರಾಡ್ ನಗರವನ್ನು ಮುತ್ತಿ ಕೂತಿತ್ತು, ಒಳಗೆ ಜನ ಹಸಿವಿನಿಂದ ಸಾಯುತ್ತಿದ್ದರು. 1942ರಲ್ಲಿ ಸಂಗೀತಗಾರ ಶೊಸ್ತಕೋವಿಚ್ ಅವರ ಏಳನೇ ಸಿಂಫೊನಿಯನ್ನು (ದೊಡ್ಡ ವಾದ್ಯಮೇಳಕ್ಕೆ ಕಟ್ಟಿದ ಕೃತಿ) ಅಲ್ಲೇ ನುಡಿಸಬೇಕು ಅಂತ ತೀರ್ಮಾನ ಆಯಿತು. ಮೊದಲ ದಿನದ ಅಭ್ಯಾಸ 15 ನಿಮಿಷಕ್ಕೇ ನಿಂತಿತು. ಊದುವವರಿಗೆ ಊದಲು ಉಸಿರಿಲ್ಲ, ಬಾರಿಸುವವರಿಗೆ ಕೈ ಎತ್ತಲು ಆಗುತ್ತಿಲ್ಲ. ಆಮೇಲೆ ವಾದ್ಯಗಾರರಿಗೆ ಹೆಚ್ಚಿನ ರೇಷನ್ ಕೊಟ್ಟರು, ಸೈನ್ಯದಲ್ಲಿದ್ದ ವಾದಕರನ್ನು ಕರೆಸಿಕೊಂಡರು. ಆಗಸ್ಟ್ 9ರಂದು ಕಾರ್ಯಕ್ರಮ ನಡೆಯಿತು. ಧ್ವನಿವರ್ಧಕದಲ್ಲಿ ಅದು ಶತ್ರು ಸೈನಿಕರಿಗೂ ಕೇಳಿಸಿತು. ಈ ಕಥೆಯಲ್ಲಿ ಧೈರ್ಯದ ಭಾಗವನ್ನು ಎಲ್ಲರೂ ಹೇಳುತ್ತಾರೆ. ರೇಷನ್ನಿನ ಭಾಗವನ್ನೂ ಹೇಳಬೇಕು.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಆದದ್ದು ಕಲಬುರಗಿಯಲ್ಲಿ. ಆಮೇಲೆ ಲಾಕ್‌ಡೌನ್ ಬಂತು, ಜಾತ್ರೆ, ಉರುಸು, ಮದುವೆ ಎಲ್ಲ ನಿಂತವು. ಹಲಗಿಯವರು, ಬ್ಯಾಂಡಿನವರು, ದೊಡ್ಡಾಟದ ಮಾಸ್ತರು ಮನೆಯಲ್ಲಿ ಕೂತರು. ಬೀದರ್‌ನ ಬಿದ್ರಿ ಕೆಲಸದವರಿಗೂ ಅಷ್ಟೇ, ಮೇಳ, ಪ್ರದರ್ಶನ ಇಲ್ಲ ಅಂದಮೇಲೆ ಕೊಳ್ಳುವವರು ಎಲ್ಲಿಂದ ಬರಬೇಕು? ಅಂತ್ಯಕ್ರಿಯೆಗೆ 20 ಜನರಿಗಿಂತ ಹೆಚ್ಚು ಸೇರಬಾರದು ಅಂತ ನಿಯಮ ಆಯಿತು. ರಾತ್ರಿ ಭಜನೆಯೂ ನಿಂತಿತು. ದುಃಖ ಹಂಚಿಕೊಳ್ಳುವ ಆ ಒಂದು ದಾರಿ, ಅದು ಅತಿ ಹೆಚ್ಚು ಬೇಕಿದ್ದ ಹೊತ್ತಲ್ಲೇ ಮುಚ್ಚಿತು. 2021ರ ಎರಡನೇ ಅಲೆಯಲ್ಲಿ ರಾಜ್ಯ ಸರ್ಕಾರ ಕಲಾವಿದರಿಗೆ 3,000 ರೂಪಾಯಿ ಪರಿಹಾರ ಘೋಷಿಸಿತು.

ಇಂಥ ನೆರವು ಪಟ್ಟಿಯಲ್ಲಿ ಹೆಸರು ಇದ್ದವರಿಗೆ ಮಾತ್ರ ಸಿಗುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ 58 ದಾಟಿದ ಕಲಾವಿದರಿಗೆ ಪ್ರತಿ ತಿಂಗಳು ಮಾಸಾಶನ ಕೊಡುತ್ತದೆ. ಅದಕ್ಕೆ ಇಷ್ಟು ವರ್ಷ ಕಲಾಸೇವೆ ಮಾಡಿದ್ದೇನೆ ಅಂತ ದಾಖಲೆ ತೋರಿಸಬೇಕು, ಅಂದರೆ ಪ್ರಮಾಣಪತ್ರ, ಫೋಟೊ, ಕಾರ್ಯಕ್ರಮದ ಕರಪತ್ರ, ಹೀಗೆ. ಪಟ್ಟಣದಲ್ಲಿ ವೇದಿಕೆ ಏರಿ ಹಾಡಿದವರ ಹತ್ತಿರ ಇವೆಲ್ಲ ಇರುತ್ತವೆ. ಸಾವಿನ ಮನೆಯ ಭಜನೆಗೆ ಯಾರೂ ಕರಪತ್ರ ಹೊಡಿಸುವುದಿಲ್ಲ. ಮೊಹರಂನಲ್ಲಿ ರಿವಾಯತ್ ಹಾಡಿದ ಮುತ್ಯಾನ ಫೋಟೊ ಯಾರೂ ತೆಗೆದಿಟ್ಟಿರುವುದಿಲ್ಲ. ಕೇಳಿದರೆ "ನಾ ಎಲ್ಲಿ ಕಲಾವಿದರೀ, ಕೂಲಿ ಮಾಡಾಂವ" ಅನ್ನುವವರೇ ಅವರಲ್ಲಿ ಜಾಸ್ತಿ.

ಇದನ್ನು ಊರಿನ ಓದಿದ ಹುಡುಗ ಹುಡುಗಿಯರು ಸರಿ ಮಾಡಬಹುದು. ಮೇಳ ಹಾಡುವಾಗ ತಾರೀಖು ಬರುವ ಹಾಗೆ ಫೋಟೊ, ವಿಡಿಯೊ ತೆಗೆದಿಡಿ, ಹಾಡಿದವರ ಹೆಸರು, ಊರು, ಯಾರಿಂದ ಕಲಿತರು ಅಂತ ಒಂದು ವಹಿಯಲ್ಲಿ ಬರೆಯಿರಿ. ಜಾತ್ರಾ ಕಮಿಟಿಯವರು ಕರಪತ್ರ ಹೊಡಿಸುವಾಗ ಪುಢಾರಿಗಳ ಹೆಸರಿನ ಜೊತೆ ಮೇಳದವರ ಹೆಸರನ್ನೂ ಪೂರ್ತಿ ಹಾಕಲಿ. ಮಾಸಾಶನದ ಅರ್ಜಿಯನ್ನು ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಹಾಕಬೇಕು. ಯಾವ ಕಾಗದ ಬೇಕು ಅಂತ ಜಿಲ್ಲಾ ಕೇಂದ್ರದಲ್ಲಿರುವ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಮೊದಲು ಕೇಳಿಕೊಂಡು, ಮುತ್ಯಾನನ್ನು ನಾಲ್ಕು ಸಲ ಅಲೆದಾಡಿಸದೆ, ಎಲ್ಲ ಜೋಡಿಸಿಕೊಂಡು ಒಂದೇ ಸಲ ಕರೆದುಕೊಂಡು ಹೋಗಿ.